ಮಾಜು ದೇವಿಯನ್ನು ಗುಡ್ಡ ಹತ್ತಿಸಿದ್ದು

ಅಕ್ಕಾ,

ಕ್ಷೇಮವಾಗಿದ್ದೇನೆ, ಆದರೆ ಈ ದ್ವೀಪದವರ ಮುಖ ನೋಡಲಾಗುತ್ತಿಲ್ಲ. ದಡ ಕುಸಿಯುತ್ತಿದೆ ಎಂದು ಉಪಗ್ರಹದಿಂದ ಅಳೆದು ನಾನು ಹೇಳಿದ್ದನ್ನು ನಂಬಿ, ಇವರು ಸಮುದ್ರದೇವಿ ಮಾಜುವನ್ನು ದಡದ ಗುಡಿಯಿಂದ ಹೊತ್ತು ಗುಡ್ಡ ಹತ್ತಿಸಿದರು. ದಡ ಕುಸಿದೇ ಇಲ್ಲ. ಆ ವಾರ ಸೂರ್ಯ ಕೆರಳಿದ್ದರಿಂದ ಉಪಗ್ರಹದ ರೇಡಿಯೋ ಅಲೆಗಳು ಮೇಲಿನ ವಾಯುಮಂಡಲ ದಾಟಿ ಬರುವಾಗ ಹೆಚ್ಚು ತಡವಾದವು. ನಾನು ಎಂದಿನಷ್ಟೇ ತಡವನ್ನು ಕಳೆದು ಲೆಕ್ಕ ಹಾಕಿದ್ದೆ, ಅದಕ್ಕೇ ದಡ ಕೆಳಗಿಳಿದಂತೆ ಕಂಡಿತು. ಇನ್ನೊಮ್ಮೆ ನೋಡಬಾರದಿತ್ತೇ?

ದೇವಿಯ ಒಪ್ಪಿಗೆಯಿಲ್ಲದೆ ಕೆಳಗಿಳಿಸುವಂತಿಲ್ಲ. ಗುಡಿ ನೋಡಿಕೊಳ್ಳುವ ಯೆನ್ ಅಜ್ಜಿ, ದೇವಿಗೆ ಪ್ರಶ್ನೆ ಕೇಳಿ ಎಸೆಯುವ, ಒಂದು ಮೈ ಚಪ್ಪಟೆ ಒಂದು ಮೈ ಉಬ್ಬಿದ ಜೋಡಿ ಮರದ ತುಂಡುಗಳನ್ನು ನನ್ನ ಕೈಗಿಟ್ಟಳು: “ಹತ್ಸಿದೋಳು ನೀನು, ನೀನೇ ಕೇಳು.”

ಸೂರ್ಯ, ಗಾಳಿ ಎಂದೆಲ್ಲ ವಿವರಿಸಿ ಎಸೆದೆ. ಎರಡೂ ಚಪ್ಪಟೆ ಮೈ ಮೇಲಾಗಿ ಬಿದ್ದವು.

“ದೇವಿ ನಗ್ತಿದಾಳೆ ಕಣೇ! ಸೂರ್ಯನ ಮೇಲೆ ಚಾಡಿ ಹೇಳೋಕೆ ಬಂದ್ಯಾ?” ಎಂದಳು ಅಜ್ಜಿ. ದೇವಿಯನ್ನು ಹೊತ್ತು ತಂದಿದ್ದ ಮೀನುಗಾರರೂ ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ.

“ತಪ್ಪು ನನ್ನದು, ತಾಯಿ” ಎಂದಷ್ಟೇ ಹೇಳಿ ಮತ್ತೆ ಎಸೆದೆ. ಒಂದು ಅಂಗಾತ ಬಿತ್ತು, ಒಂದು ಮಗುಚಿ ಬಿತ್ತು. ದೇವಿ ಒಪ್ಪಿದಳು.

ದೇವಿಯನ್ನು ಕೆಳಗಿಳಿಸುವ ಪಲ್ಲಕ್ಕಿಗೆ ಮುಂದಿನ ಹೆಗಲು ನನ್ನದೇ ಅಂತೆ, ಕರೆಯುತ್ತಿದ್ದಾರೆ. ಸೊಂಟನೋವಿಗೆ ಕಟ್ಟುವ ಪಟ್ಟಿ ಮನೆಯಲ್ಲೇ ಮರೆತಿದ್ದೇನೆ, ಬೇಗ ಕಳಿಸು.

ತಂಗಿ,
ಪೈ-ಜುನ್