ಪಕ್ಕದ ಮನೆಯವಳಿಗೆ ಔಷಧ

ಫ್ಲಾರೆನ್ಸ್
ಜೂನ್ ೧೪, ೧೬೪೮

ಪ್ರೀತಿಯ ಲೆಸಾಂದ್ರಾ ಅಕ್ಕನಿಗೆ,

ನಿನ್ನ ತಂಗಿ ದಿಯಾನೊರಾ ಮಾಡುವ ನಮಸ್ಕಾರಗಳು. ನೀನೂ ಭಾವನೂ ಪೀಸಾದಲ್ಲಿ ಕ್ಷೇಮವೆಂದು ನಂಬಿದ್ದೇನೆ. ಕ್ಷೇಮ ಎಂದು ಬರೆದ ಕೂಡಲೇ ನಾಚಿಕೆಯಾಯಿತು. ಮಗಳನ್ನು ಮಣ್ಣಿಗೆ ಕೊಟ್ಟು ಇನ್ನೂ ಮೂರು ತಿಂಗಳಾಗದವರಿಗೆ ಎಂಥ ಕ್ಷೇಮ? ಆದರೂ ಕಾಗದ ಶುರುಮಾಡಲು ನನಗೆ ಬೇರೆ ಮಾತು ಗೊತ್ತಿಲ್ಲ.

ನಿನ್ನ ಎರಡೂ ಕಾಗದಗಳು ತಲುಪಿವೆ. ಮೊದಲನೆಯದಕ್ಕೆ ಉತ್ತರ ಬರೆಯದಿದ್ದದ್ದು ಕೆಲಸದಿಂದಲ್ಲ, ಕಾಯಿಲೆಯಿಂದಲೂ ಅಲ್ಲ, ಹೇಡಿತನದಿಂದ. ಜಿನೆವ್ರಾ ಹೇಗೆ ತೀರಿಕೊಂಡಳು, ನೀನು ಅದೇ ಊರಿನಲ್ಲಿದ್ದೀಯಲ್ಲ, ವಿಚಾರಿಸಿ ಬರೆ ಎಂದು ನೀನು ಅದರಲ್ಲಿ ಕೇಳಿದ್ದೆ. ವಿಚಾರಿಸುವ ಅಗತ್ಯ ನನಗಿರಲಿಲ್ಲ. ಎರಡನೆಯ ಕಾಗದದಲ್ಲಿ, ಜ್ವರವೆಂದು ಅಳಿಯ ಲಾಪೊ ಹೇಳಿದ್ದು ಸುಳ್ಳು, ಅವನೇ ಏನೋ ಮಾಡಿ ಕೊಂದಿದ್ದಾನೆ, ಭಾವ ಇಲ್ಲಿಗೆ ಬಂದು ನ್ಯಾಯಸ್ಥಾನದಲ್ಲಿ ದೂರು ಕೊಡುತ್ತಾರೆ ಎಂದು ಬರೆದಿದ್ದೀಯ. ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಇಲ್ಲಿ ದೂರಿಗೆ ಸಿಕ್ಕಿದವನನ್ನು ಮೊದಲು ಕೈ ಹಿಂದಕ್ಕೆ ಕಟ್ಟಿ ಹಗ್ಗಕ್ಕೆ ನೇತುಹಾಕುತ್ತಾರೆ, ಪ್ರಶ್ನೆ ಆಮೇಲೆ. ಭಾವ ಹೊರಡುವ ಮುಂಚೆ ಈ ಕಾಗದ ನಿನ್ನ ಕೈ ಸೇರಬೇಕು.

ನಮ್ಮ ಕಾಗದಗಳನ್ನು ಮಠದ ಹಿರಿಯಮ್ಮ ಓದಿದ ಮೇಲೆಯೇ ಹೊರಗೆ ಕಳಿಸುವುದು. ಇದನ್ನು ಅವರು ಓದಿಲ್ಲ. ಇದು ಬೇರೆ ದಾರಿಯಲ್ಲಿ ಬರುತ್ತಿದೆ, ಅದನ್ನೂ ಹೇಳುತ್ತೇನೆ.

ಮಠದ ಔಷಧಾಲಯ ಇಪ್ಪತ್ತೊಂದು ವರ್ಷಗಳಿಂದ ನನ್ನ ಕೈಯಲ್ಲಿದೆ. ನೀನು ಮಠದ ಒಳಗೆ ಬಂದವಳಲ್ಲ, ಹಾಗಾಗಿ ನಮ್ಮ ತಿರುಗಣೆಯ ವಿಷಯ ಹೇಳಬೇಕು. ಬೀದಿಯ ಗೋಡೆಯಲ್ಲಿ ಕೂರಿಸಿದ ಒಂದು ಮರದ ಗೂಡು ಅದು, ನೀರಿನ ಕೊಡದಷ್ಟು ದೊಡ್ಡದು, ಬಾಯಿ ಒಂದೇ ಕಡೆಗೆ. ಆಚೆಯಿಂದ ಹೆಂಗಸು ಗಂಟೆ ಬಾರಿಸಿ ತನ್ನ ತೊಂದರೆ ಹೇಳುತ್ತಾಳೆ. ನಾನು ಔಷಧದ ಸೀಸೆಯನ್ನು ಗೂಡಿನಲ್ಲಿಟ್ಟು ತಿರುಗಿಸುತ್ತೇನೆ, ಅದರ ಬಾಯಿ ಬೀದಿಯ ಕಡೆಗೆ ಹೋಗುತ್ತದೆ. ಅವಳ ಮುಖ ನನಗೆ ಕಾಣದು, ನನ್ನದು ಅವಳಿಗೆ ಕಾಣದು. ವೈದ್ಯನ ಎದುರು ಬಾಯಿ ಬಿಡಲು ನಾಚುವವರೆಲ್ಲ ಇಲ್ಲಿಗೆ ಬರುತ್ತಾರೆ. ಎದೆಹಾಲು ಕಟ್ಟಿದ್ದು, ಹೆರಿಗೆಯಾದ ಮೇಲೆ ಗರ್ಭ ಜಾರಿದ್ದು, ಗಂಡ ಎಲ್ಲಿಂದಲೋ ತಂದು ಅಂಟಿಸಿದ್ದು, ಎಲ್ಲವನ್ನೂ ಆ ಗೋಡೆಗೆ ಹೇಳುತ್ತಾರೆ.

ಈ ವರ್ಷದ ಈಸ್ಟರಿನವರೆಗೆ ಒಬ್ಬಳಾದರೂ ತನಗೆಂದು ಔಷಧ ಕೇಳಿದ್ದು ನನಗೆ ನೆನಪಿಲ್ಲ. ಬಾಯಿ ತೆರೆದರೆ, "ನನಗಲ್ಲಮ್ಮ, ಪಕ್ಕದ್ಮನೆಯವಳಿಗೆ" ಎಂದೇ ಶುರು. ಈ ಊರಿನಲ್ಲಿ ಕಾಯಿಲೆ ಬೀಳುವುದು ಪಕ್ಕದ ಮನೆಯವಳು ಮಾತ್ರ, ಉಳಿದವರೆಲ್ಲ ಗುಂಡುಕಲ್ಲಿನ ಹಾಗಿದ್ದಾರೆ. ನನಗೆ ಕೆಲಸ ಕಲಿಸಿದ ಮುದುಕಿ ಸೋದರಿ ಬ್ರಿಜಿದಾ ಮೊದಲ ದಿನವೇ ಹೇಳಿದ್ದಳು: "ಅವ್ರು ಪಕ್ಕದ್ಮನೆಯವಳು ಅಂದ್ರೆ ನೀನೂ ಪಕ್ಕದ್ಮನೆಯವಳು ಅಂತಲೇ ಮಾತಾಡು. ನಿಜವಾಗಿ ಯಾರಿಗೆ ಅಂತ ಕೇಳಿದ ದಿನ ಅವ್ರು ಬರೋದು ನಿಲ್ಲುತ್ತೆ. ಮುಖ ಕಾಣದಿದ್ರೆ ಏನಂತೆ, ದನಿ ಕೇಳುತ್ತಲ್ಲ."

ಹಾಗೆ ನಾನು ದನಿ ಕೇಳಲು ಕಲಿತೆ. ವಯಸ್ಸೆಷ್ಟು, ಮೈಯಲ್ಲಿ ರಕ್ತ ಇದೆಯೋ ಇಲ್ಲವೋ, ಊಟ ಸರಿಯಾಗಿ ಮಾಡುತ್ತಾಳೋ ಇಲ್ಲವೋ, ಎಲ್ಲವನ್ನೂ ದನಿಯಿಂದಲೇ ಅಳೆದು, ಎಷ್ಟು ಕೊಡಬೇಕೆಂದು ತೀರ್ಮಾನಿಸುತ್ತಿದ್ದೆ. ನನಗೆ ಅದರ ಜಂಬವೂ ಇತ್ತು, ಅಕ್ಕ. ಹೊಸದಾಗಿ ಸೇರಿದ ಸೋದರಿಯರ ಎದುರು, ಆಚೆ ನಿಂತಿರುವವಳು ಮೂವತ್ತರವಳು, ಸ್ಥೂಲ ಶರೀರ, ಒಂದು ಹಲ್ಲು ಹುಳುಕಾಗಿದೆ ಎಂದೆಲ್ಲ ಹೇಳಿ ಮೆರೆಯುತ್ತಿದ್ದೆ. ಅವರು ಕಣ್ಣು ಬಿಟ್ಟು ನೋಡುತ್ತಿದ್ದರು.

ಈಸ್ಟರಿಗೆ ಎರಡು ವಾರವಿರುವಾಗ ಒಂದು ಬೆಳಿಗ್ಗೆ ಗಂಟೆಯ ಸದ್ದಾಯಿತು. ಆಚೆಯಿಂದ ಬಂದದ್ದು ತುಂಬು ಎದೆಯ ದನಿ, ಗದ್ದಲದಲ್ಲಿ ಕೂಗಿ ಕೂಗಿ ಗಟ್ಟಿಯಾದದ್ದು. ರೇಷ್ಮೆ ನೂಲು ತೆಗೆಯುವವಳೇ ಇರಬೇಕು ಎಂದುಕೊಂಡೆ, ಅದು ಸರಿಯಾಗಿಯೇ ಇತ್ತು. ಪಕ್ಕದ ಮನೆಯವಳಿಗೆ ಎರಡು ತಿಂಗಳಿಂದ ಮುಟ್ಟು ನಿಂತಿದೆ, ಏನಾದರೂ ಕೊಡಿ ಎಂದಳು. ಹಾಗೆ ಕೇಳುವವರಿಗೆ ನಾವು ಮುಟ್ಟು ಇಳಿಸುವ ಕಷಾಯ ಕೊಡುತ್ತೇವೆ. ಅದರ ಹಿಂದೆ ಇನ್ನೇನಿದೆ ಎಂದು ನಾವು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಆಮೇಲೆ ಅವಳು, "ತುಂಬ ನಿತ್ರಾಣವಾಗಿದಾಳಮ್ಮ, ಮೆಟ್ಲು ಹತ್ತೋಕೂ ಆಗಲ್ಲ, ನೋಡ್ಕೊಂಡು ಕೊಡಿ" ಎಂದಳು.

ನನಗೆ ಒಳಗೊಳಗೇ ನಗು ಬಂತು. ಇಂಥ ದನಿ ಇಟ್ಟುಕೊಂಡು ನಿತ್ರಾಣವಂತೆ! ಕರುಣೆಗಾಗಿ ಎಲ್ಲರೂ ಹೀಗೆಯೇ ಒಂದಕ್ಕೆ ನಾಲ್ಕು ಸೇರಿಸಿ ಹೇಳುತ್ತಾರೆ. ಗಟ್ಟಿಗಿತ್ತಿ ಹೆಣ್ಣಾಳಿಗೆ ಎಷ್ಟು ಬೇಕೋ ಅಷ್ಟು, ಪೂರ್ತಿ ಅಳತೆ, ಸೀಸೆಗೆ ಹುಯ್ದು ಗೂಡನ್ನು ತಿರುಗಿಸಿದೆ.

ಈಸ್ಟರ್ ಕಳೆದ ಮರುವಾರ ಅದೇ ದನಿ ಮತ್ತೆ ಬಂತು. ಬಿಸಿನೀರಿನಲ್ಲಿ ರೇಷ್ಮೆಗೂಡು ಬೇಯಿಸಿ ಬೇಯಿಸಿ ಕೈ ಬಿರಿದಿದೆ, ಮುಲಾಮು ಬೇಕು ಎಂದಳು. ಮೊದಲ ಸಲ ತನಗೆಂದೇ ಕೇಳುತ್ತಿದ್ದಾಳಲ್ಲ ಎಂದು ನನಗೆ ಆಶ್ಚರ್ಯವಾಯಿತು. ಮುಲಾಮಿನ ಡಬ್ಬಿ ತೆಗೆದುಕೊಂಡ ಮೇಲೂ ಅವಳು ಹೋಗಲಿಲ್ಲ.

"ಅಮ್ಮ, ಆವತ್ತು ಕೊಟ್ಟಿದ್ರಲ್ಲ ಕಷಾಯ, ಅದನ್ನ ಕುಡಿದವಳು ಹೋಗ್ಬಿಟ್ಳು. ಮೂರು ದಿನ ರಕ್ತ ನಿಲ್ಲಲೇ ಇಲ್ಲ."

ಅದು ನಿನಗಾಗಿ ಅಲ್ಲವೇ ಎಂದು ಕೇಳಿದೆ. ಬ್ರಿಜಿದಾ ಕೇಳಬಾರದು ಎಂದಿದ್ದ ಪ್ರಶ್ನೆಯನ್ನು ಇಪ್ಪತ್ತೊಂದು ವರ್ಷಗಳಲ್ಲಿ ಮೊದಲ ಸಲ ಕೇಳಿದ್ದು ಆಗ.

"ನನಗ್ಯಾಕಮ್ಮ? ಪಕ್ಕದ್ಮನೆಯವಳಿಗೆ ಅಂತ ಹೇಳಿದ್ನಲ್ಲ. ಬಟ್ಟೆಗೆ ಬಣ್ಣ ಹಾಕೋ ಲಾಪೊನ ಹೆಂಡ್ತಿ, ಜಿನೆವ್ರಾ ಅಂತ. ಇಷ್ಟುದ್ದ ಇದ್ಳು, ಕಡ್ಡಿ ಹಾಗೆ. ಚಳಿಗಾಲದಲ್ಲಿ ಮಗು ಸತ್ತೇ ಹುಟ್ಟಿತ್ತು, ಆವಾಗ್ಲಿಂದ ಚೇತರಿಸ್ಕೊಂಡೇ ಇರಲಿಲ್ಲ."

ಅಕ್ಕ, ನಿನ್ನ ಮಗಳನ್ನು ಕೊಂದದ್ದು ನನ್ನ ಕೈ. ಲಾಪೊ ಅಲ್ಲ. ಬೇರೆ ಯಾವ ರೀತಿಯಲ್ಲಿ ಬರೆದರೂ ಇದು ಕಡಿಮೆಯಾಗುವುದಿಲ್ಲ, ಅದಕ್ಕೇ ಹೀಗೆ ಬರೆದಿದ್ದೇನೆ.

ಆ ಹೆಂಗಸಿನ ಹೆಸರು ಮೆನಿಕಾ. ಉಳಿದದ್ದನ್ನೆಲ್ಲ ಅವಳೇ ಹೇಳಿದಳು. ಈ ವರ್ಷದೊಳಗೆ ಮತ್ತೆ ಬಸಿರಾದರೆ ಜೀವ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಜಿನೆವ್ರಾಗೆ ಕೈಹಿಡಿದು ಹೇಳಿದ್ದಳಂತೆ. ಮುಟ್ಟು ನಿಂತಾಗ ಅವಳಿಗೆ ಅನ್ನಾಹಾರ ಸೇರದಷ್ಟು ಭಯ. ಲಾಪೊಗೆ ಇದೊಂದೂ ಗೊತ್ತಿಲ್ಲ. ಜ್ವರವೆಂದು ಜಿನೆವ್ರಾಳೇ ಅವನಿಗೆ ಹೇಳಿದ್ದಳು, ರಕ್ತದ ಬಟ್ಟೆಗಳನ್ನು ಮೆನಿಕಾ ಕದ್ದು ಒಗೆದು ತರುತ್ತಿದ್ದಳು. ಅವನು ನಿನಗೆ ಜ್ವರವೆಂದು ಬರೆದದ್ದು ಅವನು ನಂಬಿದ ಮಾತನ್ನೇ. ಈಗಲೂ ಬಣ್ಣದ ಕೊಪ್ಪರಿಗೆಯ ಎದುರು ನಿಂತು, ವೈದ್ಯನನ್ನು ಬೇಗ ಕರೆಸಬೇಕಿತ್ತು ಎಂದು ತನ್ನನ್ನೇ ಬೈದುಕೊಳ್ಳುತ್ತಾನಂತೆ.

ಇಷ್ಟಾದ ಮೇಲೆ ಮೆನಿಕಾ ಇನ್ನೊಂದನ್ನೂ ಹೇಳಿದಳು. ಔಷಧಕ್ಕೆ ಬಂದ ದಿನ ಜಿನೆವ್ರಾಳೂ ಜೊತೆಗೆ ಬಂದಿದ್ದಳು. ತನ್ನ ಹೆಸರು ಹೇಳಬಾರದೆಂದು ಮೆನಿಕಾಳಿಂದ ಆಣೆ ಹಾಕಿಸಿಕೊಂಡು, ಅವಳ ಶಾಲಿನ ತುದಿ ಹಿಡಿದುಕೊಂಡು, ತಿರುಗಣೆಯ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಒಂದು ಮಾತೂ ಆಡಲಿಲ್ಲ. ಅಂದರೆ ಆ ಬೆಳಿಗ್ಗೆ ಗೋಡೆಯಾಚೆ ಎರಡು ಉಸಿರಿದ್ದವು. ದನಿಯಿಂದ ಹಲ್ಲಿನ ಹುಳುಕು ಹೇಳುತ್ತಿದ್ದ ನಾನು ಕೇಳಿಸಿಕೊಂಡದ್ದು ಒಂದನ್ನು ಮಾತ್ರ.

ಈಗ ಎರಡನ್ನೂ ಕೇಳುತ್ತೇನೆ. ಯಾರೇ ಬಂದು ಮಾತಾಡಲಿ, ಆ ಮಾತಿನ ಹಿಂದೆ ಇನ್ನೊಬ್ಬಳು ಉಸಿರಾಡುತ್ತಿರುತ್ತಾಳೆ. ಮೆತ್ತಗೆ, ಮೆಟ್ಟಿಲು ಹತ್ತಿ ಬಂದವಳ ಹಾಗೆ. ಹೆಂಗಸು ಹೊರಟುಹೋದ ಮೇಲೂ ಆ ಉಸಿರು ಹೋಗುವುದಿಲ್ಲ. ಜಿನೆವ್ರಾ ಎಂದು ಕರೆದರೆ ನಿಲ್ಲುತ್ತದೆ, ನಾನು ಬೆನ್ನು ತಿರುಗಿಸಿದರೆ ಶುರುವಾಗುತ್ತದೆ. ಕೆಲವು ಸಲ ಖಾಲಿ ಗೂಡನ್ನು ತಿರುಗಿಸಿ ನೋಡುತ್ತೇನೆ. ಏನು ಬರುತ್ತದೆ ಎಂದುಕೊಂಡಿದ್ದೇನೋ ನನಗೇ ತಿಳಿಯದು. ನನಗೆ ತಲೆ ಕೆಟ್ಟಿದೆ ಎಂದು ನೀನು ಅಂದುಕೊಂಡರೂ ಸರಿ, ಹುಚ್ಚಾಗಿದ್ದರೆ ಎಷ್ಟೋ ವಾಸಿಯಾಗಿತ್ತು.

ಹೋದ ವಾರ ಒಬ್ಬಳು ಎಳೆಕೂಸಿನ ಹೊಟ್ಟೆನೋವಿಗೆ ಸೋಂಪಿನ ನೀರು ಕೇಳಿದಳು. ನಿನ್ನ ಪಕ್ಕದಲ್ಲಿ ಇನ್ಯಾರು ನಿಂತಿದ್ದಾರೆ ಎಂದು ಕೇಳಿಬಿಟ್ಟೆ. ಅವಳು ಹೆದರಿ ಓಡಿಹೋದಳು. ಸುದ್ದಿ ಬೀದಿಯಲ್ಲಿ ಹಬ್ಬಿರಬೇಕು, ಬರುವವರು ಅರ್ಧಕ್ಕರ್ಧ ಕಡಿಮೆಯಾಗಿದ್ದಾರೆ. ಸೇತುವೆಯ ಮೇಲೆ ಹಲ್ಲು ಕೀಳುವವನೊಬ್ಬ ಗರ್ಭದ ಔಷಧವನ್ನೂ ಮಾರುತ್ತಾನೆ, ಅವನ ಹತ್ತಿರ ಹೋಗುತ್ತಿದ್ದಾರಂತೆ. ಅದೂ ನನ್ನ ಲೆಕ್ಕಕ್ಕೇ ಬರುತ್ತದೆ.

ಹಿರಿಯಮ್ಮನ ಎದುರು ಎಲ್ಲವನ್ನೂ ಹೇಳಿಕೊಂಡೆ. ಅವರು ಕೆಟ್ಟವರಲ್ಲ. ನನ್ನ ತಲೆ ಸವರಿದರು, ಪ್ರಾಯಶ್ಚಿತ್ತ ಕೊಟ್ಟರು, ಮಠದ ಹೊರಗೆ ಒಂದು ಮಾತೂ ಹೋಗಬಾರದು ಎಂದರು. "ಈ ತಿರುಗಣೆ ಮುಚ್ಚಿಹೋದ್ರೆ ಆ ಹೆಂಗಸರು ಎಲ್ಲಿಗೆ ಹೋಗ್ತಾರೆ, ನೀನೇ ಹೇಳು" ಎಂದರು. ಅವರ ಮಾತು ಸರಿಯೇ. ಆದರೆ ಇಷ್ಟು ಹೆಂಗಸರಿಗಾಗಿ ಲಾಪೊನನ್ನು ಹಗ್ಗಕ್ಕೆ ಕೊಡಬೇಕು ಎನ್ನುವುದಕ್ಕೂ ನನ್ನ ಮನಸ್ಸು ಒಪ್ಪಲಿಲ್ಲ.

ಅದಕ್ಕೇ ಈ ಕಾಗದವನ್ನು ಗೂಡಿನಲ್ಲಿಟ್ಟು ಮೆನಿಕಾಳ ಕೈಗೆ ತಿರುಗಿಸುತ್ತಿದ್ದೇನೆ. ನಾನು ಜಿನೆವ್ರಾಳ ಚಿಕ್ಕಮ್ಮ ಎಂದು ಅವಳಿಗೆ ಈಗ ಹೇಳಿದ್ದೇನೆ. ಅದಕ್ಕೆ ಅವಳು, "ನಿಮ್ಮ ಔಷಧ ಕೆಟ್ಟದ್ದಲ್ಲಮ್ಮ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅರ್ನೊ ನದಿಯಲ್ಲಿ ಪೀಸಾಕ್ಕೆ ಹೊರಡುವ ದೋಣಿಯವನಿಗೆ ಅವಳೇ ಇದನ್ನು ಒಪ್ಪಿಸುತ್ತಾಳೆ.

ಭಾವ ದೂರು ಕೊಡುವುದೇ ಆದರೆ ನನ್ನ ಹೆಸರಿನಲ್ಲಿ ಕೊಡಲಿ. ಈ ಕಾಗದವನ್ನೇ ನ್ಯಾಯಾಧಿಕಾರಿಗಳಿಗೆ ತೋರಿಸಲಿ, ನಾನು ಇಲ್ಲವೆನ್ನುವುದಿಲ್ಲ. ಮೆನಿಕಾಳ ಹೆಸರನ್ನು ಮಾತ್ರ ಯಾರೂ ಎತ್ತಬೇಡಿ. ಅವಳು ಹೇಳಿದ್ದು ಒಂದೊಂದು ಮಾತೂ ನಿಜ, ಸುಳ್ಳೆಂದು ಕೇಳಿಸಿಕೊಂಡವಳು ನಾನು.

ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಇನ್ನು ಮುಂದೆ ಕಾಗದ ಬರೆಯದಿದ್ದರೆ ಅದು ನ್ಯಾಯವೇ. ಸನ್ಯಾಸಿನಿಯಾದವಳು ಎಲ್ಲರಿಗೂ ಆಶೀರ್ವಾದ ಕಳಿಸುವುದು ವಾಡಿಕೆ. ನನ್ನ ಆಶೀರ್ವಾದಕ್ಕೆ ಇನ್ನು ಯಾವ ಬೆಲೆಯೂ ಇಲ್ಲ, ಆದ್ದರಿಂದ ದೇವಮಾತೆಯನ್ನೇ ಬೇಡುತ್ತೇನೆ. ಅವಳೂ ಮಗುವನ್ನು ಕಳೆದುಕೊಂಡವಳು. ನಿನಗೆ ನಿದ್ದೆಯನ್ನು, ಭಾವನಿಗೆ ತಾಳ್ಮೆಯನ್ನು ಅವಳು ಕೊಡಲಿ, ಮನೆಯಲ್ಲಿ ಉಳಿದಿರುವ ಮಕ್ಕಳನ್ನು ಕಾಪಾಡಲಿ.

ನಿನ್ನ ತಂಗಿ,
ದಿಯಾನೊರಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ತನ್ನ ಹೆಸರು ಹೇಳಬಾರದೆಂದು ಜಿನೆವ್ರಾ ಯಾಕೆ ಆಣೆ ಹಾಕಿಸಿಕೊಂಡಳು, ಸ್ವಂತ ಚಿಕ್ಕಮ್ಮನನ್ನೇ ಯಾಕೆ ಕೇಳಲಿಲ್ಲ ಎಂದು ನೀನು ಖಂಡಿತ ಯೋಚಿಸುತ್ತೀಯ. ಕೇಳಿದ್ದಳು, ಅಕ್ಕ. ಈಸ್ಟರಿಗೆ ಮುಂಚಿನ ನಲವತ್ತು ಉಪವಾಸದ ದಿನಗಳು ಶುರುವಾಗುವ ಹಿಂದಿನ ದಿನ, ಎಣ್ಣೆಯಲ್ಲಿ ಕರಿದ ಸಿಹಿತಿಂಡಿ ಕಟ್ಟಿಕೊಂಡು ಮಠದ ಭೇಟಿಕೋಣೆಗೆ ಬಂದಿದ್ದಳು. ಕಬ್ಬಿಣದ ಜಾಲರಿಯ ಈಚೆ ನಾನು, ಆಚೆ ಅವಳು. ನಿಯಮದಂತೆ ನನ್ನ ಪಕ್ಕದಲ್ಲಿ ಮಾತು ಕೇಳಿಸಿಕೊಳ್ಳುವ ಸೋದರಿ ಕೂತಿದ್ದಳು. ಅದನ್ನು ನೆಪವಾಗಿ ಹೇಳುವುದಿಲ್ಲ. ಅದೂ ಇದೂ ಮಾತಾಡಿದ ಮೇಲೆ ಜಿನೆವ್ರಾ ತಲೆ ತಗ್ಗಿಸಿಕೊಂಡು, "ಚಿಕ್ಕಮ್ಮ, ನಮ್ಮ ಪಕ್ಕದ್ಮನೆಯವಳಿಗೆ ತಿಂಗಳು ತಪ್ಪಿದೆ. ಇನ್ನೊಂದು ಹೆರಿಗೆ ಆದ್ರೆ ಸಾಯ್ತೀನಿ ಅಂತ ಅಳ್ತಾಳೆ. ಅವಳಿಗೇನಾದ್ರೂ ಕೊಡೋಕಾಗುತ್ತಾ?" ಎಂದಳು. ಬೀದಿಯ ಎಲ್ಲ ಹೆಂಗಸರ ಪಕ್ಕದ ಮನೆಯವಳು ಯಾರೆಂದು ಬಲ್ಲವಳು ನಾನು. ನಮ್ಮ ಮನೆಯ ಮಗು ಕೇಳಿದಾಗ ಅದು ನಿಜವಾಗಿಯೂ ಪಕ್ಕದ ಮನೆಯವಳೇ ಎಂದು ನಂಬಿಬಿಟ್ಟೆ. ಮುಖ ಎದುರಿಗೇ ಇತ್ತು, ನೋಡಲಿಲ್ಲ. ದೇವರು ಕೊಟ್ಟದ್ದನ್ನು ಬೇಡವೆನ್ನುವವಳಿಗೆ ನಾಚಿಕೆಯಾಗಬೇಕು, ಅಂಥವಳ ಜೊತೆ ನೀನು ಸೇರಬೇಡ, ಬಾಯಿ ಮುಚ್ಚಿಕೊಂಡು ಪ್ರಾರ್ಥನೆ ಮಾಡು ಅಂತ ಅವಳಿಗೆ ಹೇಳು ಎಂದೆ. ಅವಳು ಎದ್ದು, ಜಾಲರಿಯೊಳಗೆ ಬೆರಳು ತೂರಿಸಿ ನನ್ನ ಕೈ ಮುಟ್ಟಿ, "ಆಯ್ತು ಚಿಕ್ಕಮ್ಮ, ಅವಳಿಗೆ ಹಾಗೇ ಹೇಳ್ತೀನಿ" ಎಂದಳು.