ಚಿನ್ನದ ವಾಚಿಗೆ ಖಾಕಿ ಬೆಲ್ಟು

12 ಜನವರಿ 1964, ಭಾನುವಾರ. ಕೊಳ್ಳೇಗಾಲ

ಪೇಪರ್ ಹತ್ತರ ಬಸ್ಸಿಗೆ ಬಂತು. ಅರ್ಧ ಓದುವಷ್ಟರಲ್ಲಿ ಕಾಮಗೆರೆಯಿಂದ ಅಣ್ಣ. ಕಾಫಿಗೆ ಮೊದಲೇ ವಿಷಯ ತೆಗೆದ. ಮಗಳು ಚನ್ನಿಯನ್ನು ಯಳಂದೂರಿನ ಗಂಡು ಒಪ್ಪಿದ್ದಾನೆ. ಸಂತೋಷ. ಗಂಡಿಗೆ ವಾಚು ಕೊಡಬೇಕು. ಕೊಡಲಿ. ಆದರೆ ಅಪ್ಪನ ಒಮೆಗಾ ಕೊಡುವುದಾಗಿ ಮಾತು ಕೊಟ್ಟು ಬಂದಿದ್ದಾನೆ!

ಅಪ್ಪ ರೇಷ್ಮೆ ವ್ಯಾಪಾರಕ್ಕೆ ಕೊಯಮತ್ತೂರಿಗೆ ಹೋಗುತ್ತಿದ್ದ ಕಾಲದಲ್ಲಿ ಕೊಂಡದ್ದು. ಚಿನ್ನದ ವಾಚು, ಚಿನ್ನದ ಚೈನು. ಕಣ್ಣು ಮಂಜಾದ ಮೇಲೆ ಗಂಟೆ ಎಷ್ಟೆಂದು ನನ್ನನ್ನೇ ಕೇಳುತ್ತಿದ್ದರು. ತೀರಿಕೊಳ್ಳುವ ಮುಂಚೆ ಎಲ್ಲರೆದುರಿಗೇ ನನ್ನ ಕೈಗೆ ಕೊಟ್ಟರು. ಅಣ್ಣನೂ ಇದ್ದ.

"ಅಪ್ಪ ಇಟ್ಕಳಕ್ಕೆ ಕೊಟ್ಟುದ್ದು ಕನಮ್ಮಿ, ಕಟ್ಕಳಕ್ಕಲ್ಲ," ಎಂದ. "ಗಂಡಸಿನ ಚೈನು. ನೀ ಕಟ್ಕಂಡ್ರೆ ಮೊಣಕೈಗೋಗಿ ನಿಂತ್ಕತದೆ. ಪೆಟ್ಟಿಗೇಲಿಟ್ಟು ಏನ್ ಮಾಡೀಯೆ?"

"ಕಟ್ಕಂಡ್ರೆ?"

ನಕ್ಕ. "ಕಟ್ಕಂಡು ತೋರ್ಸು. ಆಮೇಲೆ ಕೇಳಾಕಿಲ್ಲ."

ಸರಿ. ತೋರಿಸುತ್ತೇನೆ.

13 ಜನವರಿ, ಸೋಮವಾರ

ಸ್ಕೂಲಿನಲ್ಲಿ ಪಾಠ ಮುಗಿಸಿ ಬಸ್ ಸ್ಟ್ಯಾಂಡ್ ಹತ್ತಿರ ಗುರುಸಿದ್ದಯ್ಯನವರ ವಾಚ್ ಅಂಗಡಿ. ಚೈನಿನ ಕೊಂಡಿ ಕಡಿಮೆ ಮಾಡಲು ಅಕ್ಕಸಾಲಿಯೇ ಬೇಕಂತೆ. ಅವರಿಗೆ ಗೊತ್ತಿದ್ದ ಅಕ್ಕಸಾಲಿ, ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಚಿನ್ನದ ಒಡವೆ ಮಾಡಬಾರದೆಂಬ ಕಾನೂನು ಬಂದ ಮೇಲೆ ಅಂಗಡಿ ಮುಚ್ಚಿ ಊರು ಬಿಟ್ಟಿದ್ದಾನೆ. ವರ್ಷದಿಂದ ಪೇಪರಿನಲ್ಲಿ ಓದುತ್ತಿದ್ದ ಸುದ್ದಿ, ಈಗ ನನ್ನ ಮಣಿಕಟ್ಟಿಗೇ ಬಂತು.

ಲೇಡೀಸ್ ಚೈನು ಈ ವಾಚಿಗೆ ತೀರ ಸಣ್ಣದು. ಕಪ್ಪು ಲೆದರ್ ಬೆಲ್ಟು ಸರಿಹೋಯಿತು. ಹಾಕಿಸಿಕೊಂಡು ಮನೆಗೆ ಬಂದೆ. ಬಾಗಿಲಲ್ಲೇ ಅವ್ವ.

"ಲಿಂಗ ಇಡ್ಕಳೋ ಕೈಗೆ ಚರ್ಮವಾ? ತೆಗಿ ಅತ್ಲಾಗೆ!"

ಪೂಜೆಗೆ ಬಿಚ್ಚಿಡುತ್ತೇನೆಂದೆ. ಕೇಳಲಿಲ್ಲ. ಬಲಗೈಗೆ ಕಟ್ಟಿಕೊಂಡೆ.

"ಆ ಕೈಲಿ ಉಣ್ಣಾಕಿಲ್ವಾ ನೀನು?"

ಮೂರನೇ ಕೈ ಇಲ್ಲ. ಬಿಚ್ಚಿಟ್ಟೆ.

2 ಫೆಬ್ರವರಿ, ಭಾನುವಾರ

ಚರ್ಮದ ರಾಮಾಯಣ ಅಣ್ಣನಿಗೆ ಮುಟ್ಟಿದೆ. ಧನಗೆರೆಯ ನೆಂಟರ ಕೈಲಿ ಹೇಳಿಕಳಿಸಿದ್ದಾನೆ — ಹಳೇ ಚೈನೇ ಹಾಕಿಸಿಡು, ನಿಶ್ಚಿತಾರ್ಥಕ್ಕೆ ತಾ.

ಹಾಕಿಸುವುದಿಲ್ಲ.

8 ಫೆಬ್ರವರಿ, ಶನಿವಾರ

ಅರ್ಧ ದಿನ ಸ್ಕೂಲು. ಮತ್ತೆ ಗುರುಸಿದ್ದಯ್ಯನವರಲ್ಲಿ. ರಜೆಗೆ ಬಂದ ಹನೂರಿನ ಮಿಲಿಟರಿಯವನೊಬ್ಬ ನಿಂತಿದ್ದ. ಅವನ ಕೈಯಲ್ಲಿ ಖಾಕಿ ಬಟ್ಟೆಯ ಬೆಲ್ಟು. ಬಟ್ಟೆ! ಇದು ಯಾಕೆ ಹೊಳೆದಿರಲಿಲ್ಲ...

"ಅಂತದ್ದೇ ಒಂದು ಅಂಗಡೀಲದೆ ಟೀಚರಮ್ಮ," ಎಂದರು ಗುರುಸಿದ್ದಯ್ಯ. "ಆದ್ರೆ ಚಿನ್ನದ ವಾಚಿಗೆ ಇದಾ? ನೋಡ್ದೋರು ನನ್ನ ಉಗೀತಾರೆ."

"ನನ್ನನ್ನ ಉಗೀಲಿ. ಹಾಕಿ."

ಬೆಲ್ಟು ಉದ್ದವಾಯಿತು. ತುದಿ ಕತ್ತರಿಸಿ, ಎಳೆ ಬಿಚ್ಚದಂತೆ ಸುಟ್ಟರು. ಸೂಜಿ ಕಾಯಿಸಿ ಎರಡು ತೂತು ಹಾಕಿದರು. ಅಂಗಡಿ ತುಂಬ ಸುಟ್ಟ ಬಟ್ಟೆಯ ವಾಸನೆ. ಕಟ್ಟಿಕೊಂಡೆ. ನಿಜ ಹೇಳಬೇಕೆಂದರೆ ಚೆನ್ನಾಗಿಲ್ಲ. ಆದರೆ ಜಾರುವುದಿಲ್ಲ.

ಅವ್ವ ಬೆರಳಲ್ಲಿ ಉಜ್ಜಿ ನೋಡಿದಳು. "ಬಟ್ಟೆ ತಾನೇ. ಒಗದ್ರಾಯ್ತು."

9 ಫೆಬ್ರವರಿ, ಭಾನುವಾರ

ಕಾಮಗೆರೆಗೆ ಹೋಗಿ ತೋರಿಸಿದೆ.

"ಥೂ! ಪೋಲೀಸ್ನೋನಂಗೆ!" ಎಂದ ಅಣ್ಣ.

"ಕಟ್ಕಂಡಿವ್ನಿ. ಇನ್ನು ಕೇಳಂಗಿಲ್ಲ."

"ಅದು ತಮಾಸೆಗಂದುದ್ದು ಕನಮ್ಮಿ. ನಾನು ಮಾತು ಕೊಟ್ಟಿವ್ನಿ."

"ಯಾರ ವಾಚಿಗೆ?"

ಎದ್ದು ಹೊಲದ ಕಡೆ ಹೋದ. ಚಿನ್ನದ ಚೈನನ್ನು ಚನ್ನಿಯ ಕೈಗೆ ಕೊಟ್ಟು ಬಂದೆ. ಅತ್ತೆಯ ಉಡುಗೊರೆ. ಅವಳ ಕೈಗೇ ಕೊಟ್ಟೆ, ಅವಳಪ್ಪನ ಕೈಗಲ್ಲ.

23 ಫೆಬ್ರವರಿ, ಭಾನುವಾರ. ಕಾಮಗೆರೆ, ಮಧ್ಯಾಹ್ನ

ಅಣ್ಣನ ಮನೆಯ ಉಗ್ರಾಣದಲ್ಲಿ, ಭತ್ತದ ಮೂಟೆ ಮೇಲೆ ಕುಳಿತು ಬರೆಯುತ್ತಿದ್ದೇನೆ. ನಡೆದದ್ದು ಇಷ್ಟು.

ನಿಶ್ಚಿತಾರ್ಥದ ಎಲೆಅಡಿಕೆ ಬದಲಾಯಿಸುವ ಮುಂಚೆ ಗಂಡಿನ ಅಪ್ಪ ಪುಟ್ಟಮಲ್ಲಪ್ಪನವರು ಕೇಳಿದರು, "ಎಲ್ಲಿ ಸದಾಶಿವಪ್ಪೋರೆ, ಆ ವಾಚು?"

ಅಣ್ಣ ನನ್ನ ಕಡೆ ತಿರುಗಲಿಲ್ಲ. "ನನ್ ತಂಗಿ ಕೈಲದೆ. ಈಗ ಬಿಚ್ಚಿಕೊಡ್ತಾಳೆ."

ಹಜಾರವೆಲ್ಲ ನನ್ನ ಕೈ ನೋಡಿತು. ಇಷ್ಟು ಜನರೆದುರು ಇಲ್ಲ ಎನ್ನಲಾರಳು — ಅದು ಅವನ ಲೆಕ್ಕ.

ಇಲ್ಲ ಎಂದೇಬಿಟ್ಟೆ. "ನಮ್ಮಪ್ಪ ನನಗೆ ಕೊಟ್ಟದ್ದು. ಅಣ್ಣ ನನ್ನ ಕೇಳ್ದೆ ಮಾತು ಕೊಟ್ಟವ್ನೆ. ಕೊಡಾಕಿಲ್ಲ. ನಿಮ್ಮ ಹುಡುಗನಿಗೆ ಎಚ್.ಎಂ.ಟಿ. ಕೊಡಿಸ್ತಾನೆ. ಅದೂ ಗಂಟೆ ಸರಿಯಾಗೇ ತೋರಿಸ್ತದೆ."

ಪುಟ್ಟಮಲ್ಲಪ್ಪ ಖಾಕಿ ಬೆಲ್ಟನ್ನು ದಿಟ್ಟಿಸಿದರು. "ಇದಾ ಒಮೆಗಾ?" ಎಂದು ಎದ್ದರು. ಗಂಡಿನ ಕಡೆಯವರೆಲ್ಲ ಹಿತ್ತಿಲಿಗೆ ಹೋದರು, ಮಾತಾಡಿಕೊಳ್ಳಲು. ಗಂಡೂ ಹೋದ.

"ಉಡ್ಗಿ ಬಾಳು ಆಳ್ ಮಾಡ್ಬುಟ್ಟೆ," ಎಂದ ಅಣ್ಣ.

ಎದ್ದು ಇಲ್ಲಿಗೆ ಬಂದು ಕುಳಿತೆ.

ಚನ್ನಿ ಬಂದಳು. ಹೊಸ ಸೀರೆಯಲ್ಲೇ ಮೂಟೆ ಮೇಲೆ ಕುಳಿತಳು.

"ಸಂಬಂಧ ಮುರುದೋದ್ರೆ ಏನ್ ಮಾಡೀಯವ್ವ?" ಎಂದು ಕೇಳಿದೆ.

"ವಾಚ್ ಕೊಡ್ದಿದ್ಕೇ ಓಗೋನು ಇವತ್ತೇ ಓಗ್ಲಿ ಬುಡತ್ತೆ." ನನ್ನ ಕೈ ಎಳೆದುಕೊಂಡು ಬೆಲ್ಟು ನೋಡಿದಳು. "ಇನ್ನೊಂದ್ ತೂತು ಬಿಗಿ ಮಾಡ್ಕಳಿ. ಅಪ್ಪ ಕಿತ್ಕಂಡ್ಬುಟ್ಟಾನು." ತಾನೇ ಬಿಗಿದಳು.

ಹಿತ್ತಿಲಿಂದ ಬರುತ್ತಿದ್ದಾರೆ. ಚಪ್ಪಲಿ ಸದ್ದು. ಪುಟ್ಟಮಲ್ಲಪ್ಪ ಕೂಗುತ್ತಿದ್ದಾರೆ — ಟೀಚರಮ್ಮನ್ನೂ ಕರೀರಿ ಎಂದು. ಏನು ಹೇಳುತ್ತಾರೋ ಗೊತ್ತಿಲ್ಲ. ಏನೇ ಹೇಳಲಿ. ಸೆರಗಿನಲ್ಲಿ ಕೈ ಮುಚ್ಚಿಕೊಂಡಂತೂ ಹೋಗುವುದಿಲ್ಲ. ಅವರೆದುರಿಗೇ ಕುಳಿತು, ಎಡಗೈ ಕಾಣುವ ಹಾಗೆ ಮುಂದಿಟ್ಟು —