ದೊಡ್ಡಿಯ ಬಾಗಿಲಲ್ಲಿ ಮಿಕುಲ ಮಾಮ

ಬಾಶ್ಕಾ ಕಣಿವೆ, ಕೃಕ್ ದ್ವೀಪ
೨೩ ಮೇ ೧೯೯೯

ಪ್ರೀತಿಯ ಲೂತ್ಸೆ ಅಕ್ಕಾ,

ನೀನೂ ಭಾವನೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಯೂರೆ ಹೇಗಿದ್ದಾನೆ? ಮಗುವನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರಕ್ಕೊಂದು ಗೆರೆ ಹಾಕು ಎಂದು ಎರಡು ಸಲ ಬರೆದೆ. ನೀನು ನಿಮ್ಮ ರಿಯೇಕಾ ಪಟ್ಟಣದ ಹವೆಯ ಬಗ್ಗೆ ಬರೆದೆ. ಅಮ್ಮನ ಮಂಡಿನೋವು ಹಾಗೇ ಇದೆ. ನನಗೆ ಇಪ್ಪತ್ತೆರಡು ತುಂಬಿತು. ಹೊಸ ಅಂಗಡಿಯವನು ಮೊನ್ನೆಯೂ "ಏನ್ ಬೇಕು ಪುಟ್ಟಿ, ಅಮ್ಮ ಬರ್ಲಿಲ್ವಾ?" ಅಂದ. ಉಪ್ಪು ತೆಗೆದುಕೊಂಡು ಬಂದೆ.

ಮೊನ್ನೆ ಉಣ್ಣೆ ಕತ್ತರಿಸುವ ದಿನ. ಇಡೀ ಊರಿನ ಕುರಿಗಳನ್ನು ಗುಡ್ಡದಿಂದ ಇಳಿಸಿ ಕಲ್ಲಿನ ದೊಡ್ಡಿಯ ನಡು ಅಂಗಳಕ್ಕೆ ತುಂಬಿದರು. ಕಿವಿಯ ಗುರುತು ನೋಡಿ ಒಂದೊಂದನ್ನೂ ಸುತ್ತ ಅವರವರ ಮನೆಗೆಂದು ಕಟ್ಟಿದ ಕಲ್ಲುಕೋಣೆಗೆ ಬಿಡಲು ಎಂದಿನಂತೆ ಮಿಕುಲ ಮಾಮನೇ ನಿಂತ. ಅವನೂ ನನ್ನಷ್ಟೇ ಎತ್ತರವಲ್ಲವೇ, ಹೆಚ್ಚು ಬಗ್ಗಬೇಕಾಗಿಲ್ಲ. "ನಿಮ್ಮಂಥ ಉದ್ದಪ್ಪಗಳಿಗೆ ಮಧ್ಯಾಹ್ನಕ್ಕೇ ಸೊಂಟ ಹೋಗುತ್ತೆ, ಸರೀರಿ ಆಚೆ" ಎಂದು ಎಲ್ಲರನ್ನೂ ಓಡಿಸಿದ. ಹೋದ ವರ್ಷ ನಮ್ಮ ರಕ್ತ ತೆಗೆದುಕೊಂಡು ಹೋಗಿದ್ದ ಜಾಗ್ರೆಬ್‌ನ ಡಾಕ್ಟರಮ್ಮ ಗೋಡೆಯ ಮೇಲೆ ಕೂತು ನೋಡುತ್ತಿದ್ದರು. ಈ ಸಲ, ನಾವು ಕೆಲವರು ಯಾಕೆ ಬೆಳೆಯಲಿಲ್ಲ ಎಂಬುದಕ್ಕೆ ಉತ್ತರ ತಂದಿದ್ದಾರೆ. ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಮಿದುಳಿನ ಅಡಿಯಲ್ಲಿ ಬಟಾಣಿಯಷ್ಟು ಒಂದು ಗ್ರಂಥಿ ಇದೆ. ಗರ್ಭದಲ್ಲಿ ಅದರ ಜೀವಕಣಗಳೆಲ್ಲ ಮೊದಲು ಒಂದೇ ಥರ ಇರುತ್ತವಂತೆ. ಆಮೇಲೆ ಒಂದು ಪ್ರೋಟೀನು ವಂಶವಾಹಿಗಳ ಮೇಲೆ ಕೂತು, ನೀನು ಬೆಳವಣಿಗೆಯ ಹಾರ್ಮೋನು ಮಾಡು, ನೀನು ಥೈರಾಯ್ಡನ್ನು ಎಬ್ಬಿಸು, ನೀನು ಹರೆಯ ತರು ಎಂದು ಬೇರೆ ಬೇರೆ ಕೆಲಸಕ್ಕೆ ಹಚ್ಚಬೇಕು. ನಮ್ಮಲ್ಲಿ ಆ ಪ್ರೋಟೀನು ಮಾಡಲು ಬೇಕಾದ ಬರಹದಲ್ಲೇ ಒಂದು ಚೂರು ಬಿಟ್ಟುಹೋಗಿದೆ. ತಂದೆ ತಾಯಿ ಇಬ್ಬರಿಂದಲೂ ಆ ಹರಕು ಬರಹವೇ ಬಂದರೆ ಮಾತ್ರ ಹೀಗೆ. ಒಬ್ಬರಿಂದಲೇ ಬಂದರೆ ನಿನ್ನ ಹಾಗೆ ಎತ್ತರ ಬೆಳೆದು, ಅದನ್ನು ಒಳಗೇ ಇಟ್ಟುಕೊಂಡಿರಬಹುದು.

ಮಾಮ ಕುರಿಯ ಕಿವಿ ಹಿಡಿದುಕೊಂಡೇ ಕೇಳಿದ: "ಅಂದ್ರೆ ಕುರಿ ಎಲ್ಲಾ ಬಂದಿದಾವೆ, ಬಾಗಿಲಲ್ಲಿ ನಿಲ್ಲೋ ಮಿಕುಲ ಮಾತ್ರ ಬರ್ಲಿಲ್ಲ?" ಡಾಕ್ಟರಮ್ಮ "ಹೌದು, ಅಷ್ಟೇ" ಎಂದರು. "ಬಸುರೀಲಿ ಉಪ್ಪುಮೀನು ತಿಂದಿದ್ದಕ್ಕೇ ನಾನು ಗಿಡ್ಡ ಆದೆ ಅಂತ ನಮ್ಮವ್ವ ಸಾಯೋವರೆಗೂ ಅತ್ಲು ಕಣಮ್ಮ. ಸ್ವಲ್ಪ ಬೇಗ ಬರೋಕೆ ಏನಾಗಿತ್ತು ನಿಮಗೆ?" ಜನ ನಕ್ಕರು. ಮುಂದಿನ ಕುರಿಯನ್ನು ಅವನು ಬೇರೆ ಯಾರದೋ ಕೋಣೆಗೆ ಬಿಟ್ಟ. ಮಾಮ ತಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಮ್ಮ ಕುರಿಹಾಲಿನ ಚೀಸ್ ಕಳಿಸಿದ್ದಾಳೆ, ಒದ್ದೆ ಬಟ್ಟೆಯಲ್ಲಿ ಸುತ್ತಿಡು. ಭಾವನಿಗೆ ನಮಸ್ಕಾರ, ಯೂರೆಯ ಎರಡೂ ಕೆನ್ನೆಗೆ ಮುತ್ತು.

ನಿನ್ನ ತಂಗಿ
ಫ್ರಾನಿತ್ಸಾ

ಮತ್ತೆ: ಬಸ್ಸು ಬರುವ ಹೊತ್ತಾಯಿತು. ಎರಡು ಚಳಿಗಾಲದ ಹಿಂದೆ ನಾನು ಹೆಣೆದ ನೀಲಿ ಸ್ವೆಟರ್ ಯೂರೆಗೆ ಈಗಲೂ ಸರಿಯಾಗಿದೆ ಎಂದು ನೀನು ಖುಷಿಯಿಂದ ಬರೆದಿದ್ದೆ. ನಾಲ್ಕು ವರ್ಷದ ಮಗುವಿಗೆ ಅದು ಆಗಬಾರದು ಅಕ್ಕಾ. ನಾನು ಚಿಕ್ಕವಳಿದ್ದಾಗ ನನ್ನ ಸ್ವೆಟರಿನ ಬಗ್ಗೆ ಅಮ್ಮನೂ ಹಾಗೇ ಖುಷಿಪಡುತ್ತಿದ್ದಳು. ಭಾವನೂ ಈ ಕಣಿವೆಯವನೇ. ಈಗಲೇ ಸೂಜಿ, ಮಾತ್ರೆ ಶುರು ಮಾಡಿದರೆ ಮಕ್ಕಳು ಬೆಳೆಯುತ್ತಾರಂತೆ. ಡಾಕ್ಟರಮ್ಮ ಜೂನ್ ಹತ್ತರವರೆಗೆ ಇಲ್ಲೇ ಇರುತ್ತಾರೆ. ನನ್ನ ಪಕ್ಕ ಅವನನ್ನು ನಿಲ್ಲಿಸಲು ನಿನಗೆ ಮನಸ್ಸಿಲ್ಲ, ಗೊತ್ತು. ನೀವು ಬರುವ ದಿನ ನಾನು ಗುಡ್ಡದ ಮೇಲೆ ಕುರಿಗಳ ಜೊತೆ ಇರುತ್ತೇನೆ. ಕರೆದುಕೊಂಡು ಬಾ.